ಸಬ್‌ವೂಫರಿನ ಮೇಲಿಟ್ಟ ಕೈ

...ಅಯ್ಯೋ, ನಗಬ್ಯಾಡ ಕಣವ್ವಾ ರಮ್ಯಾ! ಸೊಸೆಯಾದವಳು ಮಾವನ್ನ ನೋಡಿ ಇಂಗಾ ನಗದು? ನಾನೇಳಿದ್ದು ದಿಟ. ಕಳಲೆ ಮದ್ವೇಲಿ ಈ ದೊಡ್ಡಸಿದ್ದಯ್ಯ ಮೈಕ್‌ಸೆಟ್ ಕಟ್ಟಿ ಸೌಂಡ್ ಬುಟ್ರೆ, ಕಪಿಲೇಲಿದ್ದ ಮೀನೆಲ್ಲಾ ಬೆದರಿ ನರಸೀಪುರದ ಸಂಗಮಕ್ಕೇ ಓಡೋದೋ! ಅಲ್ಲಿ ಬಲೆ ಆಕಿ ಕೂತಿದ್ದ ಮಾದು ಇವತ್ಗೂ ನನ್ ಕಂಡ್ರೆ ಕೈ ಮುಗೀತಾನೆ.

ಅಂತಾ ನಂಗೆ ಕಿವಿ ಕೇಳಲ್ಲ ಅಂದ್ರೆ! ...ಊಂ, ನೋಡ್ದೆ ಕಣವ್ವ. ನೆನ್ನೆ ಅಡಿಗೆಮನೇಲಿ ನನ್ ಮಗನ್ ಮುಂದೆ ಕಿವಿ ಮುಟ್ಟಿ ಮುಟ್ಟಿ ತೋರುಸ್ತಿದ್ದಲ್ಲ, ಕಿಟಕೀಲಿ ಕಾಣ್ತು. ಆಮ್ಯಾಕೆ ನಿನ್ ಗಂಡ ಮಲ್ಲಿಕಾರ್ಜುನ ಬಂದು ಮೊಪೆಡ್ ಕೀ ಕೇಳ್ದ. ಕೊಡ್ತೀನಾ? ತಾಂಡವಪುರದ ಆ ರೋಡ್ ದಾಟಿಸಿ ಮೊಮ್ಮಗಳು ಅರ್ಪಿತನ್ನ ಸ್ಕೂಲಿಗೆ ಬುಡೋನು ನಾನು! ಆ ಕೂಸು ಇಂದೆ ಕೂತು ಸೊಂಟ ತಬ್ಕೊಂಡ್ರೆ... ಬುಡು. ಏನು? ಮಕ ಈ ಕಡೆ ತಿರುಗ್ಸು. ಲಾರಿಯಾ? ಮೊನ್ನೆ ಮೈಮ್ಯಾಕೇ ಬಂದ ಆ ಲಾರಿಯವ್ನು ಹಾರನ್ನೇ ಒಡೀಲಿಲ್ಲ ಕಣವ್ವಾ!

ಅದ್ಕೇ ನಿನ್ ಮುಂದೇನೇ ಪರೀಕ್ಷೆ. ನನ್ ಮಗ ತಂದ ಹೋಮ್ ಥಿಯೇಟ್ರಿಗೆ ದಪ್ಪ ಸದ್ದು ಬುಡೋ ಈ ಸಬ್‌ವೂಫರ್ ಪೆಟ್ಟಿಗೆಯ ನಾನೇ ಕನೆಕ್ಷನ್ ಕೊಟ್ಟು, ಸೌಂಡು ಸರಿಯಾಗಿ ಬತ್ತದಾ ಇಲ್ವಾ ನಾನೇ ಏಳ್ತೀನಿ. ತಪ್ಪಿದ್ರೆ ಕೀ ನಿಂದು.

ನೋಡು, ಪೆಟ್ಟಿಗೆಗೆ ಕರೆಂಟು ಕೊಟ್ಟೆ. ವಯರಿನ ಈ ಪಿನ್ನು ಪೆಟ್ಟಿಗೆಗೆ ಚುಚ್ಚಿದೆ. ಆ ಕಡೆ ಪಿನ್ನು ಆಂಪ್ಲಿಫೈಯರ್ ಇಂದುಗಡೆಗೆ. ನಂಗೆ ಅಕ್ಸರ ಬರಲ್ಲ, ಆದ್ರೆ ಜೋಡಿ ಜೋಡಿ ತೂತಿನ ಮಧ್ಯೆ ಒಂದು ಒಂಟಿಯಾಗಿ ಕೂತದಲ್ಲ, ಅದೇ ಸಬ್‌ವೂಫರಿಂದು. ಮಂಡಿ ಬಗ್ಗಲ್ಲ ನಂಗೆ, ನೀನೇ ಚುಚ್ಚವ್ವ... ಎದ್ಬುಟ್ಟಲ್ಲ, ಆಯ್ತು ಅನ್ನು. ಈಗ ಹಾಡು ಬುಡು. ತಮಟೆ ಇರೋದು! ಇನ್ನೂ ಏರ್ಸು, ಏರ್ಸು...

ಬತ್ತು! ...ಅಂಗೈ ಯಾಕಾ? ಮೈಕ್‌ಸೆಟ್ನೋರು ಎಲ್ರೂ ಪೆಟ್ಟಿಗೆ ಮೇಲೆ ಅಂಗೈ ಇಟ್ಟೇ ನೋಡದು, ಅದು ಕಸುಬು. ಆಹಾ, ಏನ್ ತಮಟೆ! ಎದೆ ಒಳಕ್ಕೇ ನುಗ್ತದೆ! ಪಕ್ಕದೂರು ಚಿಕ್ಕಯ್ಯನಛತ್ರದವರೂ ಎದ್ದು ಕುಣೀಬೇಕು! ಸೋತೆ ತಾನೇ?

ಮಾತಾಡವ್ವ. ಬಾಯಿಗೆ ಕೈ ಯಾಕೆ ಅಡ್ಡ ಇಟ್ಕೊಂಡೆ? ತೆಗಿ... ರಮ್ಯಾ? ಈಗ ನಗ್ತಾನೂ ಇಲ್ಲ... ಕಣ್ಣಲ್ಲೇನವ್ವಾ ನೀರು?

ಆ ಇನ್ನೊಂದು ಕೈಲಿ ಏನದು?

...ಪಿನ್ನು. ಚುಚ್ಚೇ ಇಲ್ವಾ?

ಅಂಗಾದ್ರೆ ಇದು... ಆ ಕಡೆ ಪಿನ್ನು ಸುಮ್ನೆ ಕೈಲಿದ್ರೆ ಪೆಟ್ಟಿಗೆ ಬರೀ ಗುಂಯ್ ಅಂತದೆ. ಜತೆಗಾರರಿಗೆಲ್ಲ ನಾನೇ ಬಯ್ತಿದ್ದೆ, ಗುಂಯ್ ಅನ್ನದು ಕೇಳಾಕಿಲ್ವೇನ್ರಲಾ, ಕಿವುಡ್ರಾ ಅಂತ...

ತಮಟೆಯಾದ್ರೆ ಬುಟ್ಟು ಬುಟ್ಟು ಬಡೀಬೇಕು. ಇದು ಒಂದೇ ಸಮ್ನೆ ನಡುಗ್ತಾ ಅದೆ.

ಏನಂದೆ? ...ಇಲ್ಲ. ನೀನೇನೂ ಅನ್ಲಿಲ್ಲ.

ತಗೋ. ಪೆಟ್ಟಿಗೆ ಮೇಲೇ ಇಟ್ಟಿವ್ನಿ ಮೊಪೆಡ್ ಕೀ. ನೋಡು, ಅದೂ ನಡುಗ್ತಾ ಅದೆ...

ಸದ್ದು ಮಾಡ್ತಾ ಅದಾ, ರಮ್ಯಾ?