ಎರಡೂ ನಲ್ಲಿಯಲ್ಲಿ ಬಿಸಿನೀರು

ಕುವೈತಿನ ಒಂದು ವಿದ್ಯುತ್ ಕಚೇರಿಯಲ್ಲಿ ಸರದಿಗೆ ಕಾಯುತ್ತಿದ್ದ ಹೆಸ್ಸಾ ಎಂಬಾಕೆಯ ಪಕ್ಕ, ಅರವತ್ತು ದಾಟಿದ ಇಬ್ಬರು ಗೆಳೆಯರು ದೂರಿನ ಹಾಳೆ ಹಿಡಿದು ತಿಣುಕುತ್ತಿದ್ದರು. ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

"ಏನಂತ ಬರೀಲಿ, ಬೂ ಮಿಶಾರಿ?"

"ಮನೇಲಿ ತಣ್ಣೀರಿಲ್ಲ ಅಂತ ಬರಿ, ಜಾಸಿಮ್."

"ಇದರಲ್ಲಿ 'ಬಿಸಿನೀರು ಬರುತ್ತಿಲ್ಲ' ಅಂತ ಮಾತ್ರ ಇದೆ."

"ಅದಕ್ಕೆ ಗುರುತು ಹಾಕಿದ್ರೆ ಬಂದು ಇನ್ನೂ ಕಾಯಿಸಿ ಹೋಗ್ತಾರೆ, ಮಾರಾಯ!"

"ಮನೆಯೊಳಗಿನ ಗೀಸರ್ ಆರಿಸಿಡು, ಅದರಲ್ಲಿ ನಿಂತ ನೀರು ತಣ್ಣಗಾಗುತ್ತೆ, ಬಿಸಿನೀರಿನ ನಲ್ಲೀಲಿ ಅದನ್ನ ಹಿಡಿ. ಬೇಸಿಗೇಲಿ ಎಲ್ಲರೂ ಹಾಗೇ ಅಲ್ವಾ?"

"ಈ ಕಚೇರಿಯೋರು ಅದನ್ನೇ ಕಿತ್ಕೊಂಡು ಹೋದ್ರಲ್ಲ! ಕರೆಂಟಿಗೆ ಅಂತ ದೇಶದ ಎಣ್ಣೆ ಸುಡಬಾರದಂತೆ, ಹೊರಗೆ ಮಾರಬೇಕಂತೆ. ಬದಲಿಗೆ ತಾರಸಿ ಮೇಲೆ ಸೋಲಾರ್ ಹೀಟರ್ ಕೂರಿಸಿದ್ರು. ಬಿಸಿಲಿಗೆ ಟ್ಯಾಂಕಿನ ನೀರೂ ಕುದಿ, ಸೋಲಾರಿನದೂ ಕುದಿ."

"ನಿಮ್ಮಮ್ಮ ಏನು ಮಾಡ್ತಾರೆ?"

"ನಮಾಜಿಗೆ ಕೈ ತೊಳೆಯೋಕೆ ಹೋಗಿ ಬೊಬ್ಬೆ ಎದ್ದಿದೆ. ತೊಂಬತ್ತು ವರ್ಷ. ನಲ್ಲಿ ಕಂಡ್ರೇ ಹೆದರ್ತಾಳೆ."

"ಮತ್ತೆ ದಿನಕ್ಕೆ ಐದು ಸಲ?"

"ಅವಳ ನೀರಿಗೇಂತ ಇನ್ನೊಂದು ಫ್ರಿಜ್ ತಂದೆ."

"ಹಾಗಾದ್ರೆ ಕರೆಂಟು ಉಳೀತಾ?"

"ಅದೇ ನಂಗೂ ಗೊತ್ತಾಗ್ತಿಲ್ಲ."

ಅವರ ಸಂಖ್ಯೆ ಕೂಗಿದರು. ಬೂ ಮಿಶಾರಿ ಜಾಸಿಮ್‌ನ ಕೈಯಿಂದ ಖಾಲಿ ಹಾಳೆ ಕಿತ್ತುಕೊಂಡು ಎದ್ದ.

"ಏನೂ ಬರೆದಿಲ್ವಲ್ಲೋ!"

"ನೀನೂ ಬಾ. ನೀರು ಕುದೀತಿದೆ ಅಂತ ನಾನೊಬ್ಬನೇ ಹೇಳಿದ್ರೆ, ಥ್ಯಾಂಕ್ಸ್ ಹೇಳೋಕೆ ಬಂದಿದಾನೆ ಅಂದ್ಕೊಳ್ತಾರೆ."