ಲೂಸಿಯಾ ಅಡುಗೆಮನೆಗೆ ಬರುತ್ತಿಲ್ಲ

ಮಗಳ ಮನೆಗೆಂದು ಬಂದು, ಕೊರೋನಾಕ್ಕೆ ವಿಮಾನ ನಿಂತು ಹೊರದೇಶದ ಟಾಲಾ ಊರಿನಲ್ಲೇ ಉಳಿದಿದ್ದ ಚನ್ನಮ್ಮನವರಿಗೆ ಅಂಗಡಿಯ ಸಾಲಿನಲ್ಲಿ ಕನ್ನಡ ಕೇಳಿಸಿತು. ಮನೆಯ ಹೊರಗೆ ಕನ್ನಡ ಕೇಳಿ ಎಷ್ಟೋ ತಿಂಗಳಾಗಿತ್ತು. ಮುಂದಿದ್ದ ಹುಡುಗ ಹುಡುಗಿ ದೂರ ದೂರ ನಿಂತಿದ್ದರಿಂದ ದನಿ ಎತ್ತಿಯೇ ಮಾತಾಡುತ್ತಿದ್ದರು.

"ಪ್ರೇರಣಾ, ಲೂಸಿಯಾ ಕಿಚನ್‌ಗೇ ಬರ್ತಿಲ್ಲ ಕಣೇ."

"ಪಾಪ, ಇಂಗ್ಲಿಷ್ ಕಲಿಯೋಕೆ ಚಿಲಿಯಿಂದ ಬಂದ್ಲು, ಕ್ಲಾಸೇ ನಿಂತೋಯ್ತು. ಮಾತಾಡೋಕೆ ಒಂದೇ ಮನೇಲಿರೋ ನಾವಿಬ್ರೇ."

"ಬಾಯಿ ತೆಗೆದ್ರೆ ತಿದ್ದೋಕೆ ನೀನಿದ್ದೀಯಲ್ಲ, ಟೀಚರಮ್ಮ!"

"ತಿದ್ದು ಅಂತ ಅವಳೇ ಅಂದಿದ್ಲು ಕಣೋ. ವಯಸ್ಸು ಕೇಳಿದ್ರೆ 'ಐ ಹ್ಯಾವ್ ಥರ್ಟಿ ಇಯರ್ಸ್' ಅಂತಾಳೆ. ಸ್ಪ್ಯಾನಿಷ್‌ನಲ್ಲಿ ಹಂಗೇ ಅಂತೆ."

"ಮೊನ್ನೆ ಫೋನ್ ಇಟ್ಟು, 'ಮೈ ಗ್ರ್ಯಾನಿ ಹ್ಯಾಸ್ ನೈಂಟಿ ಇಯರ್ಸ್, ಇಸ್ ಇನ್ ಹಾಸ್ಪಿಟಲ್' ಅಂದ್ಲು. ಆಗ್ಲೂ ನೀನು ವಯಸ್ಸಿನ ತಪ್ಪನ್ನೇ ಹಿಡಿದೆ."

"ಹಾಸ್ಪಿಟಲ್ ಅಂದ್ಲಾ?"

"ಅಂದ್ಲು. ನಿಂಗೆ ಥ್ಯಾಂಕ್ಸ್ ಹೇಳಿ ರೂಮಿಗೆ ಹೋದ್ಲು."

"ಅವತ್ತೇ ನಂಗ್ಯಾಕೋ ಹೇಳ್ಲಿಲ್ಲ?"

"ನಿಂಗೂ ಕೇಳಿಸಿದೆ ಅಂದ್ಕೊಂಡೆ ಕಣೇ."

ಹುಡುಗಿ ಚೀಲವನ್ನು ಅವನ ಕೈಗೆ ಕೊಟ್ಟಳು.

"ಸಾಮಾನು ನೀನೇ ತಗೊಂಡು ಬಾ."

"ಹೋಗಿ ಏನಂತೀಯ?"

"ಅಜ್ಜಿ ಹೇಗಿದ್ದಾರೆ ಅಂತ ಕೇಳ್ತೀನಿ. ಅವಳು ಹೆಂಗೆ ಹೇಳಿದ್ರೂ ತಿದ್ದದೆ ಕೇಳ್ತೀನಿ."

ಚನ್ನಮ್ಮನವರು ಸರಿದು ದಾರಿ ಬಿಟ್ಟರು. 'ಬೇಗ ಹೋಗಮ್ಮ' ಎನ್ನುವಷ್ಟರಲ್ಲಿ ಅವಳು ರಸ್ತೆ ದಾಟಿಯಾಗಿತ್ತು.