ನಂಜುಂಡನ ಎಡೆಗೆ ಎಗ್ ಪಫ್

ಅಧ್ಯಕ್ಷರೇ, ಬೆಂಗಳೂರಿನಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ಈ ಸನ್ಮಾನ ಏರ್ಪಡಿಸಿದ ನಂಜನಗೂಡಿನ ಗೆಳೆಯರ ಬಳಗದವರೇ, ಹಿಂದಿನ ಸಾಲಿನಲ್ಲಿ ಕೂತು ಆಗಲೇ ಊಟದ ವಾಸನೆ ಹಿಡಿದಿರುವ ನಮ್ಮೂರು ಹೆಡತಲೆಯ ಬಂಧುಗಳೇ, ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಊರಿನ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿದು ಬೆಳಗಿನವರೆಗೆ ಗರ್ಜಿಸಿದವನಿಗೆ ಐದು ನಿಮಿಷ ಕಿರೀಟ ಸರಿಮಾಡಿಕೊಳ್ಳಲೂ ಸಾಲದು. ನಾನು ಚಿಕ್ಕಸ್ವಾಮಿ, ಹಾಲಿನ ಡೇರಿಯ ಕಾರ್ಯದರ್ಶಿ. ಪ್ರಶಸ್ತಿ ಪಡೆದು ಬಂದ ನಮ್ಮ ‘ಹಿಂದಿನ ಸೀಟು’ ಸಿನಿಮಾದಲ್ಲಿ ಅಪ್ಪನ ಪಾತ್ರ ನನ್ನದು, ಮಗನ ಪಾತ್ರ ನನ್ನ ಮಗ ಮದನನದು. ಅವನ ಕುರ್ಚಿ ಖಾಲಿ ಇದೆ. ಮೈಸೂರಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಮುಗಿಸಿ ಬರುತ್ತೇನೆ ಅಂದಿದ್ದಾನೆ, ಬರುತ್ತಾನೆ.

ನನ್ನ ದೊಡ್ಡ ಮಗ ನಂಜುಂಡ ಬೈಕ್ ಅಪಘಾತದಲ್ಲಿ ಹೋಗಿದ್ದು ನಿಮಗೆಲ್ಲ ಗೊತ್ತು. ಹಿಂದಿನ ಸೀಟಿನಲ್ಲಿ ಮದನ ಇದ್ದ. ಅವನಿಗೆ ಮೊಣಕೈ ತರಚಿತು, ಅಷ್ಟೇ. ಅವತ್ತಿನಿಂದ ಹುಡುಗ ಮಾತು ಬಿಟ್ಟ, ಕಾಲೇಜು ಬಿಟ್ಟ, ಬೈಕಿನ ಸದ್ದು ಕೇಳಿದರೆ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ತನ್ನ ಮುಖ ತಾನೇ ನೋಡಲಾರದೆ ಮನೆಯಲ್ಲಿದ್ದ ಕನ್ನಡಿಗಳನ್ನೆಲ್ಲ ಒಡೆದ. ಒಬ್ಬ ಮಗ ಹೋದ, ಇನ್ನೊಬ್ಬ ಇದ್ದೂ ಕೈಗೆ ಸಿಗುತ್ತಿಲ್ಲ. ಇಂಥ ಮನೆಯಲ್ಲಿ ಯಾರಿಗೆ ಯಾರು ಸಮಾಧಾನ ಹೇಳಬೇಕು?

ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕಿ ಮೇಘನಾ ಮೇಡಂ ಇಲ್ಲೇ ಕೂತಿದ್ದಾರೆ. ಮದನನನ್ನು ವಾರ ವಾರವೂ ಅವರ ಹತ್ತಿರ ಕರೆದುಕೊಂಡು ಹೋದೆ. ಅವನೂ ಮಾತಾಡುತ್ತಿರಲಿಲ್ಲ, ಅವರೂ ಸುಮ್ಮನೆ ಕೂತಿರುತ್ತಿದ್ದರು. ನನಗೆ ರೇಗಿ ಹೋಯಿತು. ‘ಏನ್ ಮೇಡಂ, ಸುಮ್ನೆ ಕೂರಕ್ಕೆ ನಮ್ಮನೆ ಜಗಲಿ ಇಲ್ವಾ?’ ಅಂದೆ. ‘ಅವನ ಜೊತೆ ಯಾರಾದ್ರೂ ಕೂತಿರ್ಬೇಕು ಸರ್, ಅದಕ್ಕೆ ಕೂತಿದೀನಿ’ ಅಂದರು. ನನಗೆ ಅವತ್ತು ಅರ್ಥವಾಗಲಿಲ್ಲ.

ಆಮೇಲೆ ಸೋಸಲೆಯ ಹುಡುಗಿ ಯಶೋಧರಾ ಸಿನಿಮಾ ಮಾಡಲು ಬಂದಳು. ಅಣ್ಣನನ್ನು ಕಳೆದುಕೊಂಡು ಮಾತು ಬಿಟ್ಟ ಹುಡುಗನ ಕಥೆ. ಮದನ ನನಗೆ ಹೇಳದೆ ಹೋಗಿ ಅದರಲ್ಲಿ ಸೇರಿಕೊಂಡಿದ್ದ. ‘ನಮ್ಮನೆ ಸಂಕಟ ನಿಮಗೆ ಸಿನಿಮಾನಾ?’ ಅಂತ ಜಗಳಕ್ಕೆ ಹೋದೆ. ಆ ಹುಡುಗಿ ನನ್ನ ಮುಖವನ್ನೇ ನೋಡಿ, ‘ಸಾ, ಅಪ್ಪನ ಪಾತ್ರ ಮಾಡ್ತೀರಾ?’ ಅಂದಳು. ನಮ್ಮ ಕಡೆ ವೇಷ ಕಟ್ಟಬೇಕಾದರೆ ನಾವೇ ಕಾಸು ಕೊಡಬೇಕು, ಅದೇ ಅಭ್ಯಾಸ. ಜಗಳ ಮರೆತು, ‘ಎಷ್ಟು ಕೊಡ್ಬೇಕವ್ವ?’ ಅಂತ ಕೇಳಿಬಿಟ್ಟೆ. ನಗಬೇಡಿ, ಕಲಾವಿದನ ಹಣೆಬರಹ ಅದು.

ಸಿನಿಮಾದಲ್ಲಿ ಅಪ್ಪ ಸತ್ತ ಮಗನಿಗೆ ಎಡೆ ಇಡುವ ದೃಶ್ಯವಿದೆ. ಬೆಂಗಳೂರಿನ ಅತಿಥಿಗಳಿಗಾಗಿ ಹೇಳುತ್ತೇನೆ. ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಬಾಗಿಲು ಮುಚ್ಚಿ, ಮನೆಮಂದಿಯೆಲ್ಲ ಹೊರಗೆ ನಿಲ್ಲುತ್ತೇವೆ. ಒಳಗೆ ಅವರು ಬಂದು ಉಣ್ಣುತ್ತಾರೆ. ಆಮೇಲೆ ಬಾಗಿಲು ತೆಗೆಯುತ್ತೇವೆ. ನಂಜುಂಡನಿಗೆ ನಾನು ಎಡೆ ಇಟ್ಟಿರಲಿಲ್ಲ. ನೆಂಟರೆಲ್ಲ ಹೇಳಿದರು. ಎಡೆ ಇಟ್ಟರೆ ಅವನು ಸತ್ತ ಅಂತ ನಾನೇ ಒಪ್ಪಿಕೊಂಡ ಹಾಗಲ್ಲವೇ? ಒಪ್ಪಲಾರೆ ಅಂದಿದ್ದೆ.

ಸೋಸಲೆಯ ಮನೆಯೊಂದರಲ್ಲಿ ಶೂಟಿಂಗ್. ಎಲೆಯ ಮೇಲೆ ಕಜ್ಜಾಯ, ವಡೆ, ಪಕ್ಕದಲ್ಲಿ ಹೊಸ ಪಂಚೆ. ಕ್ಯಾಮೆರಾ ಓಡುತ್ತಿತ್ತು. ನಾನು ಸುಮ್ಮನೆ ಕೈ ಮುಗಿಯಬೇಕಿತ್ತು. ಪಂಚೆ ನೋಡಿದೆ. ಬಾಯಿಂದ ತಾನಾಗಿ ಬಂತು: ‘ಇದ್ಯಾರಿಗೆ? ನಮ್ ನಂಜುಂಡ ಯಾವತ್ತು ಪಂಚೆ ಉಟ್ಟಿದ್ದ?’ ಸಿನಿಮಾದ ಮಗನ ಹೆಸರು ನಂಜುಂಡ ಅಲ್ಲ.

ಆಗ ಮದನ ಬಾಯಿ ಬಿಟ್ಟ. ‘ಅಣ್ಣಂಗೆ ಬಸ್‌ಸ್ಟ್ಯಾಂಡ್ ಬೇಕರಿ ಎಗ್ ಪಫ್ ಬೇಕು’ ಅಂದ. ಲೈಟಿನ ಹುಡುಗನ ಬೈಕಿನ ಕೀ ತೆಗೆದುಕೊಂಡು ಪಕ್ಕದ ನರಸೀಪುರಕ್ಕೆ ಹೊರಟೇಬಿಟ್ಟ. ಬೈಕಿನ ಸದ್ದಿಗೆ ಚಿಲಕ ಹಾಕಿಕೊಳ್ಳುತ್ತಿದ್ದ ನನ್ನ ಮಗ, ಸಭಿಕರೇ. ತಡೆಯೋಣ ಅಂತ ಎದ್ದು ಹೊರಗೆ ಬರುವಷ್ಟರಲ್ಲಿ ಬೈಕು ತಿರುವು ದಾಟಿತ್ತು, ಜಗಲಿಯಲ್ಲೇ ಕೂತೆ. ಬೆಳಕು ಹೋಗುತ್ತಿದ್ದರೂ ಯಶೋಧರಾ ಕ್ಯಾಮೆರಾ ಬಿಟ್ಟು ಬಂದು ನನ್ನ ಪಕ್ಕ ಕೂತಳು. ಸುಮ್ಮನೆ ಪಕ್ಕದಲ್ಲಿ ಕೂರುವುದು ಎಂಥ ಕೆಲಸ ಅಂತ, ಮೇಘನಾ ಮೇಡಂ, ನನಗೆ ಅವತ್ತು ತಿಳಿಯಿತು.

ಬಂದ. ಎರಡು ಪಫ್ ತಂದಿದ್ದ. ‘ಒಂದಕ್ಕೆಲ್ಲ ಅಣ್ಣಂಗೆ ಆಗಕಿಲ್ಲ’ ಅಂದ. ಎಲೆಗೆ ಇಟ್ಟು ಬಾಗಿಲು ಮುಚ್ಚಿ ಹೊರಗೆ ನಿಂತೆವು. ಕ್ಯಾಮೆರಾ ಮತ್ತೆ ಓಡುತ್ತಿದ್ದುದು ನಮಗೆ ನೆನಪೇ ಇಲ್ಲ.

‘ಅಪ್ಪ, ನಾನೇ ಕಣಪ್ಪ ಜೋರಾಗಿ ಓಗು ಅಂದಿದ್ದು.’

‘ಅವ್ನು ನನ್ ಮಾತೇ ಕೇಳ್ತಿರ್ಲಿಲ್ಲ, ಇನ್ನು ನಿನ್ ಮಾತು ಕೇಳ್ತಿದ್ನಾ? ಸುಮ್ಕಿರ್ಲಾ.’

ಆಮೇಲೆ ಅವನು ನನ್ನ ತೋಳು ಹಿಡಿದುಕೊಂಡು ಅತ್ತ. ನಾನೂ ಅತ್ತೆ. ‘ಒಳಕ್ಕೆ ಬಂದಿರ್ತಾನಾ ಅಪ್ಪ?’ ಅಂದ. ‘ಬಂದಿರ್ತಾನೆ ಕಣ್ಲಾ, ಪಫ್ ಬಿಟ್ಟು ಓಯ್ತಾನಾ?’ ಅಂದೆ. ಥಿಯೇಟರಿನಲ್ಲಿ ನೀವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದದ್ದು ಈ ದೃಶ್ಯಕ್ಕೇ. ನಟನೆ ಅದ್ಭುತ ಅಂತ ಪತ್ರಿಕೆಯವರು ಬರೆದರು. ಬರೆಯಲಿ ಬಿಡಿ, ಬೇಡ ಅನ್ನುವುದಕ್ಕೆ ನಾನ್ಯಾರು?

ಆ ವರ್ಷ ನಮ್ಮ ಮನೆಯಲ್ಲೂ ಎಡೆ ಇಟ್ಟೆವು. ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ನಂಜುಂಡನ ಬೈಕನ್ನು ಮದನ ತಾನೇ ರಿಪೇರಿ ಮಾಡಿಸಿ, ಮತ್ತೆ ಕಾಲೇಜಿಗೆ ಹೊರಟ. ಮೇಡಂ ಹತ್ತಿರ ಈಗಲೂ ಹೋಗುತ್ತಾನೆ. ಹೋದರೆ ಇಬ್ಬರ ಮಾತೂ ಮುಗಿಯುವುದಿಲ್ಲ, ನಾನು ಹೊರಗೆ ಬೆಂಚಿನ ಮೇಲೆ ತೂಕಡಿಸುತ್ತೇನೆ. ಕೆಲವು ದಿನ ಈಗಲೂ ಮಂಕಾಗುತ್ತಾನೆ. ಆಗ ಹೋಗಿ ಪಕ್ಕದಲ್ಲಿ ಕೂರುತ್ತೇನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಈ ಶಾಲು, ಈ ಪೇಟ, ಈ ಹಾರ ಎಲ್ಲವೂ ಇಬ್ಬರು ಮಕ್ಕಳ ಅಪ್ಪನಿಗೆ ಸಂದದ್ದು ಅಂತ ತಲೆಬಾಗಿ ಸ್ವೀಕರಿಸಿದ್ದೇನೆ. ನಿಮಗೆಲ್ಲ ನಾನು ಋಣಿ. ಹೊರಗೆ ಒಂದು ಗಾಡಿ ಬಂದು ನಿಂತ ಸದ್ದು ನಿಮಗೂ ಕೇಳಿಸಿತಲ್ಲವೇ? ಅದು ನಂಜುಂಡನ ಬೈಕು, ಆ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಹಿಂದಿನ ಸಾಲಿನವರು ಯಾರಾದರೂ ಎದ್ದು ಆ ಬಾಗಿಲು ಸ್ವಲ್ಪ ತೆಗೆಯಿರಪ್ಪ, ನನ್ನ ಮಗ ಬಂದಿದ್ದಾನೆ. ನಮಸ್ಕಾರ.